ಕೈ ಕೊಟ್ಟವನು

ಜೆರ್ಸಿಯ ಜಿಪ್ಪು ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ಉಸಿರು ಒಳಗೆಳೆದುಕೊಂಡು ಮತ್ತೊಮ್ಮೆ ಎಳೆದ. ಎರಡು ಬೆರಳಿನಷ್ಟು ಮೇಲೇರಿ ಮತ್ತೆ ನಿಂತಿತು. ಏಳು ತಿಂಗಳ ಹಿಂದೆ ಇದೇ ಜೆರ್ಸಿ ಬೆನ್ನ ಮೇಲೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ಸೈಜು ಚಿಕ್ಕದು ಕೊಡಿಸಿ ಸಾರ್ ಎಂದು ಕೋಚ್ ಹತ್ತಿರ ಜಂಬದಿಂದಲೇ ಕೇಳಿದ್ದ. ಈಗ ಕಪಾಟಿನ ಕನ್ನಡಿಯಲ್ಲಿ ನಿಂತಿರುವವನು ತನ್ನ ಹಾಗೇ ಮುಖವಿರುವ, ಜನ್ಮದಲ್ಲಿ ಒಮ್ಮೆಯೂ ಸೈಕಲ್ ಹತ್ತದ ಯಾರೋ ದೊಡ್ಡಪ್ಪನ ಮಗ. ತೊಡೆ ಮೆತ್ತಗಾಗಿದೆ. ಬಿಸಿಲಿಗೆ ಸುಟ್ಟು ತೋಳಿನ ಮಧ್ಯೆ ಗೆರೆ ಎಳೆದಂತಿದ್ದ ಕಪ್ಪು ಮಾಸಿ ಹೋಗಿ, ಕೈ ಭುಜದಿಂದ ಬೆರಳಿನವರೆಗೆ ಒಂದೇ ಬಣ್ಣಕ್ಕೆ ತಿರುಗಿದೆ. ಕಾಲೇಜು ರೇಸುಗಳು ಶುರುವಾಗಲು ಆರೇ ವಾರ. ಆರು ವಾರದಲ್ಲಿ ಮೈ ಇಳಿಸಬಹುದು, ಉಸಿರು ಹಿಡಿತಕ್ಕೆ ತರಬಹುದು, ಕಾಲನ್ನು ಹದ ಮಾಡಬಹುದು. ಅದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇವತ್ತು ಗೋಂದುವಿನ ಮುಖವನ್ನು ಹೇಗೆ ನೋಡುವುದು ಎಂಬುದು.

ಅಕ್ಕ ಬಾಗಿಲಿಗೆ ಒರಗಿ ಬ್ರೆಡ್ಡು ಕಚ್ಚುತ್ತ ಈ ಯುದ್ಧ ನೋಡುತ್ತಿದ್ದಳು. ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು, ಭಾನುವಾರವೂ ಅರ್ಧ ದಿನ ಹೋಗಬೇಕು. ಮನೆಯಲ್ಲಿ ಇಬ್ಬರೇ ಇರುವುದರಿಂದ ತಮ್ಮನನ್ನು ಹಂಗಿಸುವ ಕೆಲಸವೂ ಅವಳ ಪಾಲಿನದೇ.

"ಕಡ್ಡಿ ಕಡ್ಡಿ ಅಂತ ಕಾಲೇಜೆಲ್ಲ ಕರೀತಿತ್ತು," ಎಂದಳು. "ಕಡ್ಡೀನ ಗುಡ್ಡ ಮಾಡೋದು ಅಂದ್ರೆ ಏನು ಅಂತ ಇವತ್ತು ಕಣ್ಣಾರೆ ನೋಡ್ದೆ."

"ಸುಮ್ನಿರಕ್ಕ."

"ನಾನು ಸುಮ್ನಿರ್ತೀನಿ, ಜಿಪ್ಪು ಇರಬೇಕಲ್ಲ." ಕೈಯ ಪುಡಿ ಕೊಡವಿಕೊಂಡು ಚೀಲ ಹುಡುಕತೊಡಗಿದವಳು ಅಲ್ಲಿಂದಲೇ ಹೇಳಿದಳು. "ಹೇಳೋದೇ ಮರೆತಿದ್ದೆ. ನಿನ್ನ ಫ್ರೆಂಡು ಅಂಗಡಿಗೆ ಬಂದಿದ್ದ. ಅದೇ, ಗೋಂದು."

ಜಿಪ್ಪಿನಿಂದ ಕೈ ಜಾರಿತು. "ಯಾಕೆ?"

"ಯಾಕೆ ಅಂದ್ರೆ? ಕನ್ನಡಕದ ಅಂಗಡಿಗೆ ಚಪ್ಪಲಿ ತಗೊಳ್ಳೋಕೆ ಬರ್ತಾರಾ? ಕಣ್ಣು ಟೆಸ್ಟ್ ಮಾಡಿಸ್ಕೊಳ್ಳೋಕೆ. ಮೊನ್ನೆ ಬಂದ, ನೋಡ್ದೆ, ಏನೂ ಇಲ್ಲ, ಹದ್ದಿನ ಕಣ್ಣು ಕಣೋ ನಿಂದು ಅಂತ ಕಳಿಸ್ದೆ. ನಿನ್ನೆ ಮತ್ತೆ ಬಂದ. ಅಕ್ಕಾ, ದೂರದ್ದು ಸರಿ, ಹತ್ರದ್ದೂ ಸರಿ, ಎದುರಿಗೇ ಅಲ್ಲಾಡೋದು ಏನಾದ್ರೂ ಕಾಣದೆ ತಪ್ಪಿ ಹೋಗತ್ತಾ, ಅದನ್ನ ನೋಡಿ ಅಂದ. ಅಲ್ಲಾಡೋದು ಅಂದ್ರೆ ಏನಪ್ಪಾ ಅಂದೆ. ಕೈ, ಅಂದ."

ಅವನು ಮತ್ತೆ ಜಿಪ್ಪಿಗೆ ಕೈ ಹಾಕಿದ.

"ಅವನ ಮುಖದ ಮುಂದೆ ಕೈ ಆಡಿಸಿ ಆಡಿಸಿ ನನಗೇ ಭುಜ ನೋವು ಬಂತು. ಎಲ್ಲಾ ಸಲಾನೂ ಕಾಣತ್ತೆ ಅಂದ. ಕಾಣತ್ತೆ ಅನ್ನೋವಾಗ ಅವನ ಮುಖ ನೋಡಬೇಕಿತ್ತು, ಫೇಲ್ ಆದೋನ ಥರ. ಏನೋ ಆಗಿದೆ ಅವನಿಗೆ. ನೀನೇ ಒಂದು ಮಾತು ಕೇಳು." ಚೀಲ ಸಿಕ್ಕಿತು, ಹೊರಟಳು. ಬಾಗಿಲು ಮುಚ್ಚಿದ ಮೇಲೆ ಅವನು ನೋಡಿಕೊಂಡರೆ ತನ್ನ ಎಡಗೈ ತನ್ನ ಬಲ ಹೆಗಲಿನ ಮೇಲೆ ಕೂತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದಿರಲೂ ಇಲ್ಲ, ಮೂಳೆ ಮುರಿದದ್ದು ಅವನ ಹೆಗಲಿನದ್ದೂ ಅಲ್ಲ.

ಮೂರು ಮಹಡಿ ಸೈಕಲ್ ಹೊತ್ತು ಇಳಿಯುವಷ್ಟರಲ್ಲಿ ಏದುಸಿರು. ಹಿಂದೆಲ್ಲ ಒಂದೇ ಬೆರಳಿಗೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದ. ಬೀದಿಗೆ ಬಂದು ಕಾಲು ಹಾಕಿದಾಗ ಚೈನು ನರಳಿತು. ಎಣ್ಣೆ ಬಿಟ್ಟು ಎಷ್ಟು ಕಾಲವಾಯಿತೋ. ಭಾನುವಾರದ ಬೆಳಗು, ಅಂಗಡಿಗಳ ಕದ ಅರ್ಧ ಎದ್ದಿವೆ, ಯಾರೋ ಮೆಟ್ಟಿಲಿಗೆ ನೀರು ಎರಚುತ್ತಿದ್ದಾರೆ. ಅವನಿಗೆ ಕಾಣುವುದು ರಸ್ತೆ ಮಾತ್ರ. ಈ ಏಳು ತಿಂಗಳಲ್ಲಿ ಊರಿನ ಮುಖವೇ ಮರೆತುಹೋಗಿ ನೆಲವೊಂದು ಬಾಯಿಪಾಠವಾಗಿತ್ತು: ಬ್ಯಾಂಕಿನ ಮುಂದೆ ಒಡೆದ ಚಪ್ಪಡಿ, ಔಷಧದಂಗಡಿಯ ತಿರುವಿನಲ್ಲಿ ಕುಸಿದ ಡಾಂಬರು, ಕಾಲೇಜಿನ ಗೇಟಿನೆದುರು ನೀರು ನಿಲ್ಲುವ ತಗ್ಗು. ಬಸ್ಸಿನ ಕಿಟಕಿಯಿಂದಲೂ ಗುಂಡಿಗಳನ್ನೇ ನೋಡುತ್ತಿದ್ದ. ಗುಂಡಿ ಬಂದಾಗ ತೊಡೆಯ ಮೇಲಿದ್ದ ಬಲಗೈ ತಾನಾಗಿ ಕೆಳಗಿಳಿದು ಬೆರಳು ತೋರುತ್ತಿತ್ತು, ಪಕ್ಕದ ಸೀಟಿನವರು ದುರುಗುಟ್ಟಿ ನೋಡುವವರೆಗೆ. ತರಗತಿಯಲ್ಲಿ ಮಾತ್ರ ಅದೇ ಕೈ ಏಳುತ್ತಿರಲಿಲ್ಲ. ಹಾಜರಿಗೆ ಕೈ ಎತ್ತಿ ಎಂದರೆ ಎಲ್ಲರೂ ಎತ್ತುತ್ತಿದ್ದರು, ಇವನು ಕೂತಲ್ಲಿಂದಲೇ 'ಇದ್ದೀನಿ' ಎನ್ನುತ್ತಿದ್ದ. ಸಂಖ್ಯಾಶಾಸ್ತ್ರದ ಲೆಕ್ಚರರು ಒಂದು ದಿನ, "ಯಾಕಪ್ಪಾ, ಕೈ ಎತ್ತೋಕೆ ಕೂಲಿ ಕೊಡಬೇಕಾ ನಿನಗೆ?" ಎಂದಾಗ ಇಡೀ ತರಗತಿ ನಕ್ಕಿತ್ತು. ಅವನೂ ನಕ್ಕಿದ್ದ. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಒಮ್ಮೆ ಎತ್ತಿ ನೋಡಿದ್ದ, ಸಲೀಸಾಗಿ ಎದ್ದಿತ್ತು.

ಕೈ ಕೊಡುವುದು ಎಂದರೆ ಬೇರೆಲ್ಲ ಕಡೆ ನಂಬಿಸಿ ಮೋಸ ಮಾಡುವುದು. ಕೋಚ್ ಅವರ ಗುಂಪಿನಲ್ಲಿ ಮಾತ್ರ ಅದರ ಅರ್ಥ ಉಲ್ಟಾ. ಗಾಳಿ ತಪ್ಪಿಸಿಕೊಳ್ಳಲು ಸೈಕಲ್ಲುಗಳು ಒಂದರ ಹಿಂದೊಂದು ಗೇಣಿನಷ್ಟು ಅಂತರದಲ್ಲಿ ಓಡುತ್ತವೆ, ಹಿಂದಿನವನಿಗೆ ಮುಂದಿನವನ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಆದ್ದರಿಂದ ಮುಂದಿರುವವನು ಗುಂಡಿಯೋ ಕಲ್ಲೋ ಕಂಡ ಕೂಡಲೇ ಹ್ಯಾಂಡಲ್ಲಿನಿಂದ ಒಂದು ಕೈ ತೆಗೆದು ಕೆಳಕ್ಕಿಳಿಸಿ ಬೆರಳು ತೋರಿಸಬೇಕು. ಹಿಂದಿನವನು ಅದನ್ನು ನೋಡಿ ಸರಿದುಕೊಂಡು ತನ್ನ ಹಿಂದಿನವನಿಗೆ ತೋರಿಸಬೇಕು. ಇದೇ ಅಲ್ಲಿ ಕೈ ಕೊಡುವುದು. "ಹೊರಗಡೆ ಕೈ ಕೊಟ್ಟೋನು ಕಳ್ಳ, ನನ್ನ ಹತ್ರ ಕೈ ಕೊಡದೋನು ಕಳ್ಳ," ಎಂದು ಕೋಚ್ ಮೊದಲ ದಿನವೇ ಎಲ್ಲರಿಂದಲೂ ಹೇಳಿಸುತ್ತಿದ್ದರು. ಶಿಕ್ಷೆಯೂ ಎರಡು ಥರ. ಕೊಟ್ಟ ಕೈಯನ್ನು ನೋಡದೆ ಬಿದ್ದವನು ಕೋಚ್ ಸಾಕು ಎನ್ನುವವರೆಗೆ ಸಾಲಿನ ಕೊನೆಯಲ್ಲಿ ಓಡಿಸಬೇಕು, ಅಲ್ಲಿ ಅವನಿಂದ ಯಾರಿಗೂ ಅಪಾಯವಿಲ್ಲ. ಕೈಯನ್ನೇ ಕೊಡದವನಿಗೆ ಮಾತ್ರ ಸಾಲೇ ಇಲ್ಲ. ಸೈಕಲ್ ತಿರುಗಿಸಿಕೊಂಡು ಮನೆಗೆ ಹೋಗಬೇಕು.

ಪೆಟ್ರೋಲ್ ಬಂಕಿನ ಗಾಳಿಯಂತ್ರದ ಹತ್ತಿರ ಆಗಲೇ ಏಳು ಸೈಕಲ್ಲುಗಳಿದ್ದವು. ಕೋಚ್ ತಮ್ಮ ಹಳೆಯ ಮೊಪೆಡ್ಡಿನ ಮೇಲೆ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದರು. ಇವನನ್ನು ನೋಡಿ, "ಏನಯ್ಯಾ ಕಡ್ಡಿ," ಎಂದರು, ಕಣ್ಣು ಹೊಟ್ಟೆಯ ಮೇಲೆ. "ಒಬ್ಬನೇ ಬಂದ್ಯಾ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬಂದ್ಯಾ?" ಎಲ್ಲರೂ ನಕ್ಕರು. ಗುಂಪಿನಲ್ಲಿದ್ದ ಅವಳಿ ಅಣ್ಣತಮ್ಮಂದಿರಲ್ಲಿ ದೊಡ್ಡವನು ಹೊಟ್ಟೆಗೆ ಬೆರಳಿನಿಂದ ತಿವಿದು ಸದ್ದು ಮಾಡಿದ. ಹೊಡೆದಿದ್ದರೂ ಪರವಾಗಿರಲಿಲ್ಲ ಎನಿಸಿತು, ಅಷ್ಟು ಪ್ರೀತಿ ಆ ನಗುವಿನಲ್ಲಿತ್ತು. ಮಂಡಿ ನೋವು ಹೇಗಿದೆ ಎಂದು ಕೋಚ್ ಕೇಳಿದರು. ಮಂಡಿ ನೋವು ಅವನು ಹೇಳಿದ್ದ ಮೂರನೇ ಸುಳ್ಳು. ಮೊದಲು ಪರೀಕ್ಷೆ ಅಂದಿದ್ದ, ಆಮೇಲೆ ಜ್ವರ. ಈಗ ಪರವಾಗಿಲ್ಲ ಸಾರ್ ಎಂದ. ಯಾವ ಮಂಡಿ ಎಂದು ಕೇಳಿದ್ದರೆ ಸಿಕ್ಕಿಬೀಳುತ್ತಿದ್ದ.

ಆಗ ಗೋಂದು ಬಂದ. ಬಂದವನೇ ಒಂದು ಕಾಲು ನೆಲಕ್ಕೂರಿ, "ಬಂದ್ಯಾ! ಬರ್ತೀಯೋ ಇಲ್ವೋ ಅನ್ಕೊಂಡಿದ್ದೆ ಕಣೋ," ಎಂದು ಬಾಯ್ತುಂಬ ನಕ್ಕ. ಮುಂದಿನ ಎರಡು ಹಲ್ಲು ಹೊಸವು, ಮಿಕ್ಕವುಗಳಿಗಿಂತ ಬೆಳ್ಳಗಿವೆ. ಬಲ ಹೆಗಲು ಎಡಕ್ಕಿಂತ ಸ್ವಲ್ಪ ತಗ್ಗು. ಮುಂದಿನವನ ಚಕ್ರ ಹಿಡಿದರೆ ಬಿಡುವುದಿಲ್ಲ, ಅಂಟಿಕೊಂಡೇ ಬರುತ್ತಾನೆಂದು ಗೋಂದು ಎಂದು ಹೆಸರಿಟ್ಟಿದ್ದು ಇವನೇ. ಎರಡು ವರ್ಷ ಅಂಟಿಕೊಂಡದ್ದು ಹೆಚ್ಚಾಗಿ ಇವನ ಚಕ್ರಕ್ಕೇ. ನೀನು ಮುಂದಿದ್ರೆ ಕಣ್ಣು ಮುಚ್ಕೊಂಡು ಓಡಿಸ್ತೀನಿ ಎಂದು ಒಮ್ಮೆ ಹೇಳಿದ್ದ. ಇಬ್ಬರೂ ನಕ್ಕು ಮರೆತ ಮಾತು, ಈಗ ಹಗಲುರಾತ್ರಿ ಕಿವಿಯಲ್ಲಿ ಕೂತಿದೆ. ವಾಪಸ್ ಬಾ ಎಂದು ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದವನೂ ಗೋಂದುವೇ. ಕೋಚ್ ಸೀಟಿ ಊದಿದರು. ಎಲ್ಲರೂ ಸಾಲಾಗುತ್ತಿದ್ದಂತೆ ಗೋಂದು, ಯಾರೂ ಹೇಳದೆ, ಮಾತು ನಿಲ್ಲಿಸದೆ, ಸೈಕಲ್ಲನ್ನು ಹಿಂದಕ್ಕೆ ದೂಡಿಕೊಂಡು ಹೋಗಿ ಕೊನೆಯ ಜಾಗದಲ್ಲಿ ನಿಂತ. ಮನೆಯಲ್ಲಿ ತನ್ನ ಚಾಪೆ ಎಲ್ಲಿ ಎಂದು ಗೊತ್ತಿರುವವನ ಹಾಗೆ ಹೋಗಿ ನಿಂತ.

ಮೊದಲ ಐದು ಕಿಲೋಮೀಟರು ಹೇಗೋ ಕಳೆಯಿತು. ಇವನನ್ನು ಮೂರನೆಯವನನ್ನಾಗಿ ಹಾಕಿದ್ದರು. ಮುಂದಿನವನು ಕೈ ಕೊಟ್ಟ, ಇವನೂ ಕೊಟ್ಟ. ಆಮೇಲೆ ನೀರಿನ ಟ್ಯಾಂಕಿನ ಕಡೆ ಹೋಗುವ ಏರು. ಏರು ಎನ್ನಲೂ ನಾಚಿಕೆಯಾಗಬೇಕು, ಹಿಂದೆ ಇಲ್ಲಿ ಮಾತಾಡಿಕೊಂಡು ಹೋಗುತ್ತಿದ್ದರು. ಎದೆ ಕಮ್ಮಾರನ ತಿದಿಯಾಯಿತು, ಬಾಯಲ್ಲಿ ಲೋಹದ ರುಚಿ, ತೊಡೆಯಲ್ಲಿ ಯಾರೋ ಕೆಂಡ ತುಂಬಿದ ಹಾಗೆ. ಮುಂದಿನ ಚಕ್ರ ಒಂದು ಗೇಣು ದೂರವಾಯಿತು, ಎರಡು ಗೇಣಾಯಿತು, ಮಾರು ದೂರವಾಯಿತು. ಹಿಂದಿನವರು ಒಬ್ಬೊಬ್ಬರೇ ಸುತ್ತುಬಳಸಿ ದಾಟಿದರು. ದಾಟುವಾಗ ಯಾರೂ ಇವನ ಮುಖ ನೋಡಲಿಲ್ಲ, ಅದೇ ದೊಡ್ಡ ಉಪಕಾರ. ಹೋದ ವರ್ಷ ಸೇರಿದವಳೊಬ್ಬಳು 'ನಿಧಾನ, ನಿಧಾನ' ಎಂದು ಇವನಿಗೆ ಸಮಾಧಾನ ಹೇಳಿ ಮುಂದೆ ಹೋದಳು. ಮೊಪೆಡ್ಡು ಗುಂಪಿನ ಹಿಂದೆಯೇ ಗುರ್ ಎಂದು ಸಾಗಿ ಏರಿನ ಮೇಲೆ ಮರೆಯಾಯಿತು. ಸದ್ಯ, ಎಂದುಕೊಂಡ. ಹಿಂದಿರುಗಿ ಹೋಗಿಬಿಡಬಹುದು. ಮಂಡಿ ಎನ್ನಬಹುದು, ಯಾವ ಮಂಡಿ ಎಂದು ದಾರಿಯಲ್ಲಿ ಯೋಚಿಸಿದರಾಯಿತು.

"ನನ್ನ ಚಕ್ರ ಹಿಡಿ," ಎಂದಿತು ಪಕ್ಕದಲ್ಲಿ ಒಂದು ದನಿ.

ಸಾಲಿನ ಕೊನೆಯಲ್ಲಿದ್ದ ಗೋಂದು ಗುಂಪನ್ನೂ ಬಿಟ್ಟು ಇವನ ಜೊತೆ ಉಳಿದಿದ್ದ. "ನೀನ್ ಹೋಗೋ," ಎಂದ ಇವನು, ಉಸಿರು ಸಿಕ್ಕಿದಷ್ಟರಲ್ಲಿ. "ಇವತ್ತು ಸಾರ್ ಟೀಮ್ ಹೇಳ್ತಾರೆ. ಹಿಂದೆ ಉಳ್ಕೋಬೇಡ."

"ಕೊನೇಲಿ ಇರೋನಿಗೆ ಇನ್ನೆಷ್ಟೋ ಹಿಂದೆ? ಹಿಡಿ ಅಂದ್ನಲ್ಲ." ಗೋಂದು ಮುಂದೆ ಬಂದು ಚಕ್ರವನ್ನು ಇವನ ಮೂಗಿನ ನೇರಕ್ಕೆ ತಂದಿಟ್ಟ. ಗಾಳಿ ತಟ್ಟನೆ ನಿಂತಿತು. ಇವನಿಗೆ ಎಷ್ಟು ಬೇಕೋ ಅಷ್ಟೇ ವೇಗ, ಒಂದು ಕೂದಲಷ್ಟು ಹೆಚ್ಚಿಲ್ಲ. ಎರಡು ವರ್ಷ ಹಿಂದಿನಿಂದ ನೋಡಿ ಇವನ ಉಸಿರಿನ ಅಳತೆ ಅವನಿಗೆ ಗೊತ್ತಿತ್ತು. ಏರು ಮುಗಿಯಿತು, ಸಪಾಟು ರಸ್ತೆ ಬಂತು. ಆಗ ಇವನು ನೋಡಿದ್ದು. ಗೋಂದು ಕೈ ಕೊಡುತ್ತಿದ್ದ. ಗುಂಡಿಗೆ ಮಾತ್ರವಲ್ಲ, ರಸ್ತೆಯ ಮೇಲೆ ಬಿದ್ದ ಎಲೆಗೆ ಕೈ ಕೊಟ್ಟ, ಒಣಗಿದ ಎಣ್ಣೆಯ ಕಲೆಗೆ ಕೈ ಕೊಟ್ಟ, ಹೆಂಚಿನ ಚೂರಿಗೆ, ಖಾಲಿ ಪೊಟ್ಟಣಕ್ಕೆ, ಒಮ್ಮೆ ವಿದ್ಯುತ್ ಕಂಬದ ನೆರಳಿಗೂ. ಮುರಿದು ಕೂಡಿದ ಹೆಗಲು ಪೂರ್ತಿ ತಿರುಗದೆ ಕೈ ಅರ್ಧಕ್ಕೇ ನಿಲ್ಲುತ್ತಿತ್ತು, ಆದ್ದರಿಂದ ಬೆರಳನ್ನು ಎರಡೆರಡು ಸಲ ಆಡಿಸುತ್ತಿದ್ದ. ಪ್ರತಿ ಸಲವೂ ತಿರುಗಿ, "ಕಾಣ್ತಾ?" ಎನ್ನುತ್ತಿದ್ದ. "ಕಾಣ್ತು," ಎನ್ನಬೇಕಿತ್ತು ಇವನು. ಕಾಣ್ತಾ? ಕಾಣ್ತು. ಕಾಣ್ತಾ? ಕಾಣ್ತು. ಸಾಕು ನಿಲ್ಸೋ ಎಂದು ಕಿರುಚಿಬಿಡಬೇಕು ಎನಿಸಿತು.

ಅವತ್ತೂ ಇದೇ ರಸ್ತೆ, ಇಬ್ಬರೇ. ಮರುದಿನ ಟೀಮಿಗೆ ಹೆಸರು. ಉಳಿದಿದ್ದದ್ದು ಒಂದೇ ಜಾಗ. ಇಬ್ಬರೂ ಗುಂಪನ್ನು ಒಡೆದು ಮುಂದೆ ಬಂದಿದ್ದರು, ಮೊಪೆಡ್ಡು ಎಲ್ಲೋ ಹಿಂದೆ. ಬಣ್ಣದ ಕಾರ್ಖಾನೆಯ ಉದ್ದ ಗೋಡೆ ಶುರುವಾದಾಗ ಇವನಲ್ಲಿ ಏನೂ ಉಳಿದಿರಲಿಲ್ಲ, ಹಿಂದಿನಿಂದ ಬರುತ್ತಿದ್ದ ಉಸಿರು ಮಾತ್ರ ಶಾಂತವಾಗಿತ್ತು. ಅದೇ ಸಿಟ್ಟು ಬರಿಸಿದ್ದು. ಇವನ ಬೆನ್ನ ಹಿಂದೆ ಕೂತು ಅವನು ಸುಧಾರಿಸಿಕೊಳ್ಳುತ್ತಿದ್ದಾನೆ. ಗುಂಡಿ ಇಪ್ಪತ್ತು ಮಾರು ದೂರದಿಂದಲೇ ಕಂಡಿತು, ಚರಂಡಿಯ ಮುಚ್ಚಳ ಕುಸಿದ ಚೌಕ. ಕೈ ತೆಗೆಯಬೇಕು ಎಂದು ತಲೆ ಹೇಳಿತು, ಅದು ಚೆನ್ನಾಗಿ ನೆನಪಿದೆ. ಕೈ ಹ್ಯಾಂಡಲ್ ಬಿಡಲಿಲ್ಲ. ಬಿಡಲಿಲ್ಲವೋ, ಬಿಡಲಾಗಲಿಲ್ಲವೋ? ಅಷ್ಟು ಸುಸ್ತಾದಾಗ ಒಂದು ಕೈ ಬಿಟ್ಟರೆ ಸಮತೋಲ ತಪ್ಪುತ್ತದೆ, ಯಾರನ್ನು ಬೇಕಾದರೂ ಕೇಳಿ. ಇವನು ಸೊಂಟವನ್ನು ಒಂದಿಷ್ಟೇ ಓರೆ ಮಾಡಿ ಗುಂಡಿಯ ಅಂಚಿನಲ್ಲಿ ಜಾರಿಕೊಂಡ. ಟಪ್ ಎಂದು ಸದ್ದಾಯಿತು, ಆಮೇಲೆ ಕಬ್ಬಿಣ ರಸ್ತೆಗೆ ಉಜ್ಜಿಕೊಂಡು ಹೋಯಿತು, ಆಮೇಲೆ ಏನೂ ಇಲ್ಲ. ಹತ್ತು ಸಲ ಪೆಡಲ್ ತುಳಿದ ಮೇಲೆ ಇವನು ತಿರುಗಿ ನೋಡಿದ್ದು. ಕೋಚ್ ಬಂದು ರಕ್ತವಾಗಿದ್ದ ಬಾಯಿಯನ್ನು ತಮ್ಮ ಟವೆಲಿನಿಂದ ಒತ್ತಿ ಹಿಡಿದು, ತಲೆಯೆತ್ತಿ, "ಕೈ ಕೊಟ್ಟೆಯೇನೋ?" ಎಂದು ಕೇಳಿದರು. "ಕೊಟ್ಟೆ ಸಾರ್," ಎಂದ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ತಲೆಗೆ ಪೆಟ್ಟಾಗಿ ಗೋಂದುವಿಗೆ ಆ ಹತ್ತು ನಿಮಿಷ ಅಳಿಸಿಹೋಗಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು, ಅವನು ಕೈ ಕೊಟ್ಟಿದ್ನಂತೆ, ನಂಗೇ ಕಾಣಲಿಲ್ಲ, ಎಂದು ಎಲ್ಲರಿಗೂ ತಾನೇ ಹೇಳಿಕೊಂಡು ತಿರುಗಿದ. ಮೊದಮೊದಲು ಇವನಿಗೆ ಒಂದು ಕಳ್ಳ ಸಮಾಧಾನವೂ ಇತ್ತು: ಕೊಟ್ಟೆ ಎಂದದ್ದು ಸುಳ್ಳೇನಲ್ಲವಲ್ಲ, ಊರಿನವರ ಅರ್ಥದಲ್ಲಿ ತಾನು ಕೈ ಕೊಟ್ಟದ್ದು ನಿಜವೇ ತಾನೆ. ಆ ಜಾಣತನಕ್ಕೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಎನಿಸಲು ವಾರ ಹಿಡಿಯಿತು. ಸಿಕ್ಕಿದ್ದ ಟೀಮಿನ ಜಾಗವನ್ನು ಪರೀಕ್ಷೆ ಎಂದು ಬಿಟ್ಟುಕೊಟ್ಟ. ಬಿಟ್ಟುಕೊಟ್ಟರೆ ಸರಿಹೋಗುತ್ತದೆ ಎಂದುಕೊಂಡಿದ್ದ.

ಕಾರ್ಖಾನೆಯ ಗೋಡೆ ಬಂತು. ಬಣ್ಣದ ವಾಸನೆ ಗಂಟಲಿಗೆ ಕೂತಿತು. ಗುಂಡಿ ಈಗ ಇಲ್ಲ, ಹೊಸ ಡಾಂಬರು ಹಾಕಿ ಮುಚ್ಚಿದ್ದಾರೆ, ರಸ್ತೆಗಿಂತ ಕಪ್ಪಗೆ, ರಸ್ತೆಗಿಂತ ನುಣ್ಣಗೆ ಒಂದು ಚೌಕ. ಆ ಚೌಕಕ್ಕೂ ಗೋಂದು ಕೈ ಕೊಟ್ಟ. "ಕಾಣ್ತಾ?"

"ನಿಲ್ಸೋ."

"ಕಾಣ್ಲಿಲ್ವಾ?"

"ನಿಲ್ಸು."

ಇಬ್ಬರೂ ಗೋಡೆಯ ಪಕ್ಕ ನಿಂತರು. ಗೋಂದು ನೀರಿನ ಬಾಟಲಿ ಚಾಚಿದ. ಇವನು ತೆಗೆದುಕೊಳ್ಳಲಿಲ್ಲ. ಏಳು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಬಿಸಿ ತುಪ್ಪ ಅದು, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಇವತ್ತು ಉಗುಳಿಯೇ ಬಿಡುತ್ತೇನೆ ಎಂದುಕೊಂಡ. ಹೆಗಲುಗಳು ತಾವೇ ಮೇಲೆದ್ದವು, ಪೆಟ್ಟಿಗೆ ಸಿದ್ಧವಾದ ಹಾಗೆ.

"ಅವತ್ತು ಇಲ್ಲಿ," ಎಂದ. "ಅವತ್ತು ನಾನು ನಿಂಗೆ ಕೈ ಕೊಟ್ಟೆ ಕಣೋ."

ಗೋಂದು ಒಂದು ಕ್ಷಣ ಇವನನ್ನೇ ನೋಡಿದ. ಆಮೇಲೆ ಬಂದು ಇವನ ಬೆನ್ನಿನ ಮೇಲೆ ಕೈಯಿಟ್ಟ.

"ಗೊತ್ತು ಕಣೋ, ಗೊತ್ತಿಲ್ವಾ? ಅದನ್ನೇ ಎಷ್ಟು ದಿನ ತಲೇಲಿ ಇಟ್ಕೊಂಡು ಕೊರಗ್ತೀಯ? ನೀನು ಕೊಟ್ಟೆ, ನಾನು ನೋಡಲಿಲ್ಲ, ಮುಗೀತು. ನಿಂದೇನು ತಪ್ಪು ಅದ್ರಲ್ಲಿ?" ದನಿ ತಗ್ಗಿಸಿ, "ಮತ್ತೆ ಒಂದು ಹೇಳ್ಲಾ? ಈಗೀಗ ನೆನಪಾಗ್ತಿದೆ ನಂಗೆ. ನಿನ್ನ ಕೈ. ನೀಲಿ ಗ್ಲೌಸ್ ಹಾಕಿದ್ದೆ, ಹಿಂಗೆ ಕೆಳಗೆ ಇಳಿಸ್ದೆ, ಬೆರಳು ಆಡಿಸ್ದೆ. ಎಲ್ಲಾ ಕಾಣತ್ತೆ ಕಣೋ ಈಗ. ಅವತ್ತು ಮಾತ್ರ ಯಾಕೆ ಕಾಣಲಿಲ್ಲವೋ ದೇವರೇ ಬಲ್ಲ. ನಿಮ್ಮ ಅಕ್ಕನ ಹತ್ರಾನೂ ಹೋಗಿದ್ದೆ."

ಅವತ್ತು ಇವನು ಗ್ಲೌಸ್ ಹಾಕಿರಲೇ ಇಲ್ಲ.

ಈಗ ಹೇಳಬೇಕಿತ್ತು. ನಾನು ಹೇಳಿದ ಕೈ ಅದಲ್ಲ ಎಂದು ಒಂದು ಮಾತು. ಬದಲಿಗೆ ಆದದ್ದು ಏನೆಂದರೆ, ಮೈಯೆಲ್ಲ ಹಗುರಾಯಿತು. ಹೆಗಲುಗಳು ಇಳಿದವು. ಹೇಳಿಯೂ ಆಯಿತು, ಏನೂ ಆಗಲಿಲ್ಲ! ಚಾಚಿದ್ದ ಬಾಟಲಿ ತೆಗೆದುಕೊಂಡು ಗಟಗಟ ಕುಡಿದ. ಕುಡಿಯುತ್ತಿರುವಾಗಲೇ ತಿಳಿಯಿತು, ಅಷ್ಟು ಮಾತುಗಳಿರುವ ಭಾಷೆಯಲ್ಲಿ ಆ ಒಂದೇ ಮಾತನ್ನು ತಾನು ಹೆಕ್ಕಿಕೊಂಡದ್ದು ಸುಮ್ಮನೆ ಅಲ್ಲ. ಮೋಸ ಮಾಡಿದೆ ಎನ್ನಬಹುದಿತ್ತು. ಸುಳ್ಳು ಹೇಳಿದೆ ಎನ್ನಬಹುದಿತ್ತು. ಗೋಂದು ಹೇಗೆ ಕೇಳಿಸಿಕೊಳ್ಳುತ್ತಾನೆ ಎಂದು ಬಾಯಿ ತೆರೆಯುವ ಮೊದಲೇ ಗೊತ್ತಿತ್ತು. ಛೀ, ಎಂದಿತು ಒಳಗೆ. ಬಾಟಲಿ ವಾಪಸ್ ಕೊಟ್ಟ. "ಹೋಗೋಣ," ಎಂದ.

ಟ್ಯಾಂಕಿನ ಗೇಟಿನ ಹತ್ತಿರ ಎಲ್ಲರೂ ಆಗಲೇ ನಲ್ಲಿಯ ಕೆಳಗೆ ತಲೆ ಒಡ್ಡಿ ಮುಗಿಸಿದ್ದರು. ಇಲ್ಲಿಂದ ತಿರುಗಿ ವಾಪಸ್ ಹೋಗುವುದು. ಕೋಚ್ ಗಡಿಯಾರ ನೋಡಿ, ತಡವಾಗಿ ಬಂದ ಇಬ್ಬರನ್ನೂ ನೋಡಿ, ಏನೂ ಅನ್ನದೆ ಮೊಪೆಡ್ಡಿನಿಂದ ಇಳಿದರು. "ಜಾಸ್ತಿ ಎಳೆಯೋದಿಲ್ಲ. ನಾಲ್ಕು ಜನ. ಅವಳಿ ಇಬ್ರು. ಮೂರನೇದು ಬೀಗ." ವರ್ಷಕ್ಕೆ ನಾಲ್ಕು ಮಾತಾಡುವ ಹುಡುಗ, ಅದಕ್ಕೇ ಬೀಗ; ಈಗಲೂ ಬರೀ ತಲೆಯಾಡಿಸಿದ. "ನಾಲ್ಕನೇದು," ಎಂದು ಕೋಚ್ ಇವನ ಹೊಟ್ಟೆಯ ಕಡೆ ಮತ್ತೆ ನೋಡಿದರು, "ಕಡ್ಡಿ. ನಗಬೇಡಿ. ಮೈ ಆರು ವಾರದಲ್ಲಿ ಇಳಿಯತ್ತೆ, ನಾನು ಇಳಿಸ್ತೀನಿ. ಇವನ ಹಿಂದೆ ಯಾರನ್ನ ಬೇಕಾದ್ರೂ ಕಣ್ಮುಚ್ಚಿ ಬಿಡಬಹುದು, ನಂಗದು ಮುಖ್ಯ."

ಆಮೇಲೆ ಗೋಂದುವಿನ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ, ಹೇಳುವುದಕ್ಕೆ ಅವರಿಗೂ ಕಷ್ಟವಾಗುತ್ತಿತ್ತು. "ನಿನ್ನ ಕಾಲಿಗೆ ನಾನು ಏನೂ ಅನ್ನಲ್ಲಪ್ಪ. ಇವರೆಲ್ಲರಿಗಿಂತ ಚೆನ್ನಾಗಿದೆ. ಕಣ್ಣಿನದ್ದೇ ನಂಗೆ ಧೈರ್ಯ ಇಲ್ಲ. ಇದೊಂದು ವರ್ಷ ಕೊನೇಲಿರು."

"ಸರಿ ಸಾರ್," ಎಂದ ಗೋಂದು. ಎಂದವನು ಇವನ ಕಡೆ ತಿರುಗಿ, ಹೊಸ ಹಲ್ಲುಗಳು ಕಾಣುವ ಹಾಗೆ ನಕ್ಕು, ಕೈ ಕುಲುಕಲು ಕೈ ಚಾಚಿದ. ಹೆಗಲು ತಿರುಗದ್ದಕ್ಕೆ ಕೈ ಅರ್ಧಕ್ಕೇ ಬಂದು ನಿಂತಿತು.

"ನಾನು ಕೈ ಎತ್ತಲೇ ಇಲ್ಲ ಸಾರ್," ಎಂದ ಇವನು.

"ಏನು?"

"ಅವತ್ತು. ಹ್ಯಾಂಡಲ್‌ನಿಂದ ಕೈ ತೆಗೀಲೇ ಇಲ್ಲ. ಬೆರಳು ತೋರಿಸ್ಲಿಲ್ಲ. ತೋರಿಸ್ದೆ ಅಂತ ಸುಳ್ಳು ಹೇಳ್ದೆ. ಇವನಿಗೆ ಕಾಣಲಿಲ್ಲ ಅಲ್ಲ, ಕಾಣೋಕೆ ಅಲ್ಲಿ ಏನೂ ಇರಲಿಲ್ಲ." ಎಷ್ಟು ಮಾತು ಹೇಳಿದರೂ ಸಾಲದು ಎನಿಸುತ್ತಿತ್ತು, ಯಾವ ಮಾತಿನಲ್ಲೂ ಎರಡನೇ ಅರ್ಥ ಉಳಿಯಬಾರದು. "ಗ್ಲೌಸೂ ಹಾಕಿರಲಿಲ್ಲ," ಎಂದ.

ನಲ್ಲಿ ಯಾರೋ ಸರಿಯಾಗಿ ನಿಲ್ಲಿಸಿರಲಿಲ್ಲ, ನೀರು ಸಣ್ಣಗೆ ಹರಿಯುತ್ತಿತ್ತು. ಕೋಚ್ ಮುಖ ಬಿಳಿಚಿಕೊಂಡಿತು. ಅವರು ಬೈಯಲು ಬಾಯಿ ತೆರೆಯುವ ಮೊದಲೇ ಗೋಂದು ಒಂದು ವಿಚಿತ್ರ ಸದ್ದು ಮಾಡಿದ. ಅಳು ಎಂದುಕೊಂಡರು ಎಲ್ಲರೂ; ಅದು ನಗು. "ಹಂಗಾದ್ರೆ ನನ್ನ ಕಣ್ಣು ಸರಿ ಇದೆ!" ಎಂದ. "ಸಾರ್, ನನ್ನ ಕಣ್ಣು ಸರಿ ಇದೆ ಸಾರ್! ತಲೇನೂ ಸರಿ ಇದೆ!" ಅವಳಿಗಳಲ್ಲಿ ಹತ್ತಿರವಿದ್ದವನ ತೋಳು ಹಿಡಿದು ಅಲ್ಲಾಡಿಸಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖ ಹಬ್ಬವಾಗಿತ್ತು. ಹೊಡೆತಕ್ಕೆ ಸಿದ್ಧನಾಗಿ ನಿಂತಿದ್ದವನನ್ನು ಅವನು ನೋಡಲೂ ಇಲ್ಲ. ಆ ಖುಷಿಯಲ್ಲಿ ಇವನಿಗೆ ಎಲ್ಲೂ ಜಾಗವಿರಲಿಲ್ಲ, ಬೈಸಿಕೊಳ್ಳುವುದಕ್ಕೂ. ಏಳು ತಿಂಗಳು ತಾನು ತನ್ನ ಪಾಪವನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ಕೂತಿದ್ದಾಗ ಈ ಹುಡುಗ ಪ್ರತಿ ಬೆಳಗ್ಗೆ ಎದ್ದು ತನ್ನ ಕಣ್ಣಿಗೆ ಹೆದರಿದ್ದ, ಅದು ಇವನಿಗೆ ಆಗಲೇ ಹೊಳೆದದ್ದು.

ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಗೋಂದು ಜೆರ್ಸಿಯ ತೋಳಿನಿಂದ ಮುಖ ಒರೆಸಿಕೊಂಡ, ಹತ್ತಿರ ಬಂದ. ಹಣೆಯಲ್ಲಿ ಒಂದು ಗೆರೆ ಮೂಡಿತ್ತು, ಲೆಕ್ಕವೊಂದರ ಕೊನೆಯ ಸಾಲು ಹೊಂದದಿದ್ದಾಗ ಮೂಡುವಂಥದ್ದು.

"ಗುಂಡಿ ಕಂಡಿತ್ತಾ ನಿಂಗೆ?" ಎಂದು ಕೇಳಿದ.

ಇಲ್ಲ ಎನ್ನಬಹುದಿತ್ತು. ಇಲ್ಲ ಕಣೋ, ಸುಸ್ತಾಗಿತ್ತು, ನಂಗೂ ಕಾಣಲಿಲ್ಲ, ಕಂಡಿದ್ರೆ ಕೊಡ್ತಿರಲಿಲ್ವಾ? ಅಷ್ಟಂದರೆ ಅರ್ಧ ಮನುಷ್ಯನಾಗಿಯಾದರೂ ಇಲ್ಲಿಂದ ಹೋಗಬಹುದಿತ್ತು. ಎಲ್ಲರೂ ಅವನು ಹಾಗೆನ್ನಲಿ ಎಂದೇ ಕಾಯುತ್ತಿದ್ದಂತಿತ್ತು, ಕೋಚ್ ಕೂಡ.

"ಕಂಡಿತ್ತು."

"ಮತ್ತೆ?"

ಅಷ್ಟೇ ಕೇಳಿದ್ದು. ಸಿಟ್ಟಿಲ್ಲದೆ, ತಿಳಿದುಕೊಳ್ಳಲೆಂದು. ತನ್ನನ್ನು ತಾನು ಏಳು ತಿಂಗಳು ಕೇಳಿಕೊಂಡೂ ಇವನು ಉತ್ತರದ ಹತ್ತಿರ ಹೋಗಿರಲಿಲ್ಲ. ಸುಸ್ತು, ಸಮತೋಲ, ಬಿಸಿಲು, ಬೆವರು ಎಂದು ಸುತ್ತಲೇ ಸುತ್ತಿದ್ದ.

"ಗೋಡೆ ಮುಗಿದ ಮೇಲೆ ನೀನು ನನ್ನ ದಾಟಿ ಹೋಗ್ತಿದ್ದೆ," ಎಂದ. "ಅದಕ್ಕೆ."

ಬಾಯಿಂದ ಬಿದ್ದ ಮೇಲೆಯೇ ಅದು ನಿಜವೆಂದು ಅವನಿಗೆ ಗೊತ್ತಾದದ್ದು. ಗೋಂದು ಗೇಟಿಗೆ ಒರಗಿಸಿದ್ದ ತನ್ನ ಸೈಕಲ್ಲನ್ನು ಎತ್ತಿಕೊಂಡು, ಹತ್ತುವ ಮೊದಲು ಒಮ್ಮೆ ತಿರುಗಿದ.

"ಹೌದು," ಎಂದ. "ದಾಟಿ ಹೋಗ್ತಿದ್ದೆ."

ಮತ್ತೆ ಸೈಕಲ್ ಹತ್ತಿ, ಯಾರನ್ನೂ ಕೇಳದೆ, ಸಾಲಿನ ಮುಂದಕ್ಕೆ ಹೋಗಿ ನಿಂತ.